ಶನಿವಾರ ಹತ್ತಕ್ಕೆ ತೆರೆಯುವ ಬೆಟ್ಟ

ಮೂವತ್ತೆರಡಕ್ಕೆ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ಆದರೆ ನಾನು ಮಾಡುತ್ತಿದ್ದ ಕೆಲಸವೇ ಈಗ ಇಲ್ಲ. ಇನ್ನೊಬ್ಬರು ಆ ಕುರ್ಚಿಯಲ್ಲಿ ಕೂತು ಅದನ್ನು ಮುಂದುವರಿಸುವಂತೆಯೂ ಇಲ್ಲ. ಹಾಗಾಗಿ ಬೇರೆ ಪದ ಹೊಳೆಯಲಿಲ್ಲ. ಕಾಡಿನೊಳಗಿನ ಬೆಟ್ಟಗಳಲ್ಲಿ ಗುಡಾರ ಹಾಕಿ ಒಂದು ರಾತ್ರಿ ತಂಗುವುದಕ್ಕೆ ಪರ್ಮಿಟ್ ಬೇಕು. ಅದನ್ನು ಚಾರಣಕ್ಕೆ ಹೋಗುವವರ ಪರವಾಗಿ ಆನ್‌ಲೈನಿನಲ್ಲಿ ಬುಕ್ ಮಾಡಿಕೊಡುವುದು ನನ್ನ ಕೆಲಸವಾಗಿತ್ತು.

ಚಾರಣ ತಂಡಗಳಿಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಫೋನ್ ಮಾಡುತ್ತಾರೆ. "ಅಕ್ಕಾ, ಪರ್ಮಿಟ್ ಸಿಗೋಕೆ ಏನಾದ್ರೂ ಟ್ರಿಕ್ ಇದ್ಯಾ?" ಎಂದು ಕೇಳುತ್ತಾರೆ. ಟ್ರಿಕ್ ಇಲ್ಲ. ಇದ್ದಿದ್ದರೆ ನನ್ನ ದಿನಚರಿಯಲ್ಲಿ 'ಸಿಗಲಿಲ್ಲ' ಎಂಬ ಮಾತು ಅಷ್ಟು ಸಲ ಬರುತ್ತಿರಲಿಲ್ಲ. ಪ್ರತಿ ಶನಿವಾರ ಸಂಜೆ ಮೂರು ಮಾತುಗಳಲ್ಲಿ ಒಂದನ್ನು ಬರೆದಿಡುವುದು ನನ್ನ ಅಭ್ಯಾಸವಾಗಿತ್ತು: ಸಿಕ್ಕಿತು, ಸಿಗಲಿಲ್ಲ, ತೂಗುತ್ತಿದೆ. ಕೊನೆಯದು ಹಣ ಹೋಗಿ ಟಿಕೆಟ್ ಬಾರದೆ ನಿಂತ ಬುಕಿಂಗಿಗೆ. ಈ ಕೆಲಸ ಒಳಗಿನಿಂದ ಹೇಗಿತ್ತು ಎಂದು ತಿಳಿಯಬೇಕಾದರೆ ಆ ಮೂರೂ ಮಾತು ಬೇಕು.

ನಾನು ಗದಗಿನ ಕಡೆಯವಳು. ಬಿಟಿಎಂನಲ್ಲಿ ಇಬ್ಬರು ಗೆಳತಿಯರೊಂದಿಗೆ ಬಾಡಿಗೆಗಿದ್ದೆ. ಕಚೇರಿ ಪಕ್ಕದ ಸುದ್ದಗುಂಟೆಪಾಳ್ಯದಲ್ಲಿ, ಒಂದು ಮನೆಯ ಮಹಡಿಯ ಮೇಲಿನ ಎರಡು ಕೋಣೆ. ನಮ್ಮ ಚಾರಣ ಕಂಪನಿಯ ಮಾಲೀಕ ಪ್ರವೀಣ್ ನನಗಿಂತ ಎರಡೇ ವರ್ಷ ದೊಡ್ಡವನು. ಭಾನುವಾರ ಜನರನ್ನು ಬೆಟ್ಟ ಹತ್ತಿಸುವುದು, ಸೋಮವಾರ ಕಾಲು ನೋವೆಂದು ಕುಂಟುವುದು ಅವನ ವಾರದ ಕ್ರಮ.

ನಾನು ಸೇರಿದಾಗ ಇನ್ನೂ ಫೋನಿನ ಕಾಲ. ಬೆಟ್ಟದ ಕೆಳಗಿನ ಚೌಕಿಗೆ ಕರೆ ಮಾಡಿದರೆ ಒಬ್ಬರು ಎತ್ತುತ್ತಿದ್ದರು. ಅವರ ಮುಖ ನೋಡಿದ್ದು ಎರಡು ವರ್ಷದ ನಂತರ. "ಎಷ್ಟ್ ಜನ? ಹೆಣ್ಮಕ್ಳು ಇದ್ದಾರಾ? ಬೆಂಕಿ ಹಾಕಲ್ಲ ಅಂತ ಹೇಳಿದ್ದೀರಾ? ಬನ್ನಿ" ಎಂದು ಫೋನ್ ಇಡುತ್ತಿದ್ದರು. ಪರ್ಮಿಟ್ ಎಂದರೆ ಅಷ್ಟೇ. ಅದರಲ್ಲೂ ಕಷ್ಟವಿತ್ತು. ಅವರು ಊಟಕ್ಕೆ ಹೋದರೆ ಬೆಟ್ಟವೇ ಮುಚ್ಚಿದಂತೆ, ಅವರ ಮೂಡ್ ಕೆಟ್ಟರೆ ನಮ್ಮ ವಾರ ಕೆಟ್ಟಂತೆ. ಪರಿಚಯದವರು ನುಗ್ಗುತ್ತಿದ್ದರು, ಪರಿಚಯವಿಲ್ಲದವರು ಉಳಿಯುತ್ತಿದ್ದರು. ಬುಕಿಂಗಿಗೆ ಅರಣ್ಯ ಇಲಾಖೆಯ ಜಾಲತಾಣ ಬಂದಾಗ ನಾನು ಸಂತೋಷಪಟ್ಟವಳೇ. ಇನ್ನು ಎಲ್ಲರಿಗೂ ಒಂದೇ ಬಾಗಿಲು ಎಂದುಕೊಂಡೆ.

ಬಾಗಿಲು ಒಂದೇ ಆಯಿತು, ನಿಜ. ಆದರೆ ಅದು ತೆರೆಯುತ್ತಿದ್ದದ್ದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಮೂರು ವಾರ ಆಚೆಯ ಶನಿವಾರದ ರಾತ್ರಿಗಾಗಿ. ಕೆಲವೇ ಗುಡಾರಗಳ ಜಾಗ, ಇಡೀ ಊರಿನ ಬೆರಳುಗಳು. ಒಂಬತ್ತೂವರೆಗೆ ಲಾಗಿನ್ ಆಗಿ ಕೂತರೆ ಹತ್ತಕ್ಕೆ ಸರಿಯಾಗಿ ಅದೇ ನಮ್ಮನ್ನು ಹೊರಗೆ ಹಾಕುತ್ತಿತ್ತು. ಮತ್ತೆ ಒಳಗೆ ಹೋದರೆ ಓರೆಕೋರೆ ಅಕ್ಷರಗಳನ್ನು ಓದಿ ನಾನು ಮನುಷ್ಯಳೆಂದು ತೋರಿಸಬೇಕು. ತೋರಿಸುವಷ್ಟರಲ್ಲಿ ಒಂದು ಚಕ್ರ ತಿರುಗತೊಡಗುತ್ತಿತ್ತು. ಅದು ನಿಂತಾಗ, ಖಾಲಿ ಜಾಗ ತೋರಿಸುವ ಹಸಿರು ಚೌಕಗಳೆಲ್ಲ ಕೆಂಪು.

ಪ್ರವೀಣನ ನಂಬಿಕೆ ಬೇರೆ. ನಾಲ್ಕು ಲ್ಯಾಪ್‌ಟಾಪ್ ಸಾಲಾಗಿ ಇಟ್ಟು, "ಮಗಾ, ಒಂದಲ್ಲ ಒಂದು ಹೊಡಿಯುತ್ತೆ" ಎನ್ನುತ್ತಿದ್ದ. ಯಾವುದೂ ಹೊಡೆಯುತ್ತಿರಲಿಲ್ಲ. ನಾಲ್ಕೂ ಒಂದೇ ವೈಫೈಯಲ್ಲಿ ಒಂದರ ಕುತ್ತಿಗೆ ಒಂದು ಹಿಸುಕುತ್ತಿದ್ದವು. ಅವನಿಲ್ಲದ ಒಂದು ಶನಿವಾರ ಮೂರನ್ನು ಮುಚ್ಚಿಟ್ಟೆ, ಟಿಕೆಟ್ ಸಿಕ್ಕಿತು. ಬಂದವನು ತಾನೇ ಕಂಡುಹಿಡಿದವನಂತೆ ತಂಡಕ್ಕೆಲ್ಲ ಹೇಳಿದ: "ಒಂದೇ ಮಷೀನ್, ಗುರು. ಫೋಕಸ್ ಮುಖ್ಯ."

ಅವನ ದೊಡ್ಡ ಎಡವಟ್ಟು ಗೇಟಿನದು. ಹುಲ್ಲುಬಂಡೆ ಎಂಬ ಬೆಟ್ಟಕ್ಕೆ ಉತ್ತರದಿಂದ ಒಂದು ದಾರಿ, ದಕ್ಷಿಣದಿಂದ ಒಂದು. ಜಾಲತಾಣದಲ್ಲಿ ಎರಡಕ್ಕೂ ಒಂದೇ ಫೋಟೊ. ಪ್ರವೀಣ್ ಉತ್ತರದ ಗೇಟಿಗೆ ಬುಕ್ ಮಾಡಿ, ಒಂದು ಬಸ್ಸಿನಷ್ಟು ಜನರನ್ನು ದಕ್ಷಿಣದ ಗೇಟಿನಲ್ಲಿ ಇಳಿಸಿದ. ಕಾವಲುಗಾರ ಕಾಗದ ನೋಡಿ, "ಸಾರ್, ನೀವು ಆ ಕಡೆಯಿಂದ ಹತ್ಬೇಕು" ಎಂದು ಬೆಟ್ಟದ ಮೇಲಿಂದ ಆಚೆ ಬೆರಳು ತೋರಿಸಿದರು. "ಹತ್ತಿ ಆ ಕಡೆ ಇಳಿದು ಮತ್ತೆ ಹತ್ತಲಾ?" ಎಂದು ಇವನು ಕೇಳಿದ. "ಹತ್ತೋಕೇ ಬಿಡಲ್ವಲ್ಲ ಸಾರ್." ರಸ್ತೆಯಲ್ಲಿ ಸುತ್ತಿ ಬರುವುದರೊಳಗೆ ಗೇಟ್ ಮುಚ್ಚುವ ಹೊತ್ತಾಗುತ್ತಿತ್ತು. ಎಲ್ಲರೂ ಬಸ್ಸಿನ ನೆರಳಲ್ಲಿ ಕೂತು ಪುಳಿಯೋಗರೆ ತಿಂದು ಮನೆಗೆ ಬಂದರು. ಅಂದಿನಿಂದ ನಾನು ಹಣ ಕಟ್ಟುವ ಮೊದಲು ಗೇಟಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಓದುತ್ತಿದ್ದೆ.

ಹಾಗೆ ಒಂದು ದಿನ ನಾನು "ಹುಲ್ಲುಬಂಡೆ, ದಕ್ಷಿಣ ಗೇಟ್" ಎಂದು ಓದುತ್ತಿದ್ದಾಗ ಬಾಗಿಲಲ್ಲಿ ಜಯಮ್ಮ ಆಂಟಿ ನಿಂತಿದ್ದರು. ಕೆಳಗಿನ ಮನೆಯವರು, ನಮ್ಮ ಕಚೇರಿಯಿದ್ದ ಕಟ್ಟಡದ ಓನರ್ ಮುನಿಸ್ವಾಮಪ್ಪನವರ ಹೆಂಡತಿ. ಬೇಗೂರು ಕೆರೆಯ ಕೆಳಗಿನ ತಮ್ಮ ಹೊಲಗಳು ಲೇಔಟ್ ಆದ ಮೇಲೆ ಅವರು ಇಲ್ಲಿ ಈ ಕಟ್ಟಡ ಕಟ್ಟಿಕೊಂಡು ಬಂದಿದ್ದರು. ಆಂಟಿಗೆ ಎರಡೂ ಮಂಡಿ ನೋವು. ಮಹಡಿ ಹತ್ತಿ ಬಂದದ್ದೇ ವಿಶೇಷ.

"ಯಾವ್ ಬೆಟ್ಟ ಅಂದೆ?"

"ಹುಲ್ಲುಬಂಡೆ, ಆಂಟಿ."

"ಅದು ನಮ್ ತವರೂರ್ ಬೆಟ್ಟ ಕಣಮ್ಮ! ನಮ್ಮವ್ವನ ಜೊತೆ ಪೊರಕೆ ಹುಲ್ಲು ಕುಯ್ಯೋಕೆ ಹೋಗ್ತಿದ್ದೆ. ಒಂದಿನಕ್ಕೆ ಮುಗೀತಿರ್ಲಿಲ್ಲ. ಮೇಲೆ ಬಂಡೆ ಮೇಲೇ ಮಲ್ಕೊಂಡು ಮಾರನೇ ದಿನ ಹೊರೆ ಹೊತ್ಕೊಂಡು ಇಳೀತಿದ್ವಿ." ಪರದೆಯ ಮೇಲಿನ ಫೋಟೊವನ್ನು ಅವರು ಬಗ್ಗಿ ನೋಡಿದರು. "ಇದಕ್ಕೂ ಟಿಕೆಟ್ಟಾ? ನಮ್ಮವ್ವ ಯಾರ್ನ ಕೇಳ್ತಿದ್ಲು?"

ಎರಡು ದಿನ ಬಿಟ್ಟು ಮತ್ತೆ ಹತ್ತಿ ಬಂದರು. ಈ ಸಲ ಕೆಲಸವಿತ್ತು. ಮಾರ್ಚ್ ಮೊದಲ ವಾರ ಮಂಡಿ ಬದಲಿಸುವ ಆಪರೇಷನ್ ನಿಗದಿಯಾಗಿತ್ತು. ಹೊಸ ಮಂಡಿ ಹಾಕಿದ ಮೇಲೆ ನಡೆಯಬಹುದು, ದೇವಸ್ಥಾನ ಸುತ್ತಬಹುದು, ಬೆಟ್ಟ ಮಾತ್ರ ಬೇಡ ಎಂದು ಡಾಕ್ಟರು ಹೇಳಿದ್ದರಂತೆ.

"ಅದಕ್ ಮುಂಚೆ ಒಂದ್ಸಲ ಆ ಬಂಡೆ ಮೇಲೆ ಮಲಗ್ಬೇಕು ಗಿರಿಜಾ. ನೋವು ಹೆಂಗಿದ್ರೂ ಇದ್ದೇ ಇದೆ, ಹತ್ತಿದ್ರೂ ನೋಯುತ್ತೆ, ಕೂತ್ರೂ ನೋಯುತ್ತೆ. ನೀನ್ ಟಿಕೆಟ್ ತೆಗಿ, ಹತ್ತೋದು ನನಗ್ ಬಿಡು."

ದಿನಚರಿ ತೆಗೆದು ಲೆಕ್ಕ ಹಾಕಿದೆ. ಫೆಬ್ರವರಿ ಮುಗಿಯುತ್ತಿದ್ದಂತೆ ಕಾಡ್ಗಿಚ್ಚಿನ ಭಯಕ್ಕೆ ಬೆಟ್ಟ ಮುಚ್ಚುತ್ತಾರೆ. ಮುಚ್ಚುವ ಮುಂಚಿನ ರಾತ್ರಿಗಳಿಗೆ ಬುಕಿಂಗ್ ತೆರೆಯುವ ಶನಿವಾರಗಳು ಇನ್ನು ಮೂರೇ ಇದ್ದವು.

ಮೊದಲನೆಯದು ಜಾಲತಾಣಕ್ಕೇ ಹೋಯಿತು. ಹತ್ತಕ್ಕೆ ನಿಂತದ್ದು ಹನ್ನೊಂದಕ್ಕೆ ಎದ್ದಿತು, ಎದ್ದಾಗ ಎಲ್ಲ ಭರ್ತಿ. ನಿಂತ ಜಾಲತಾಣದಲ್ಲಿ ಭರ್ತಿಯಾದದ್ದು ಹೇಗೆ ಎಂದು ಸಹಾಯವಾಣಿಗೆ ಬರೆದೆ. ನಮ್ಮ ದೂರು ಮುಖ್ಯವೆಂಬ ಉತ್ತರ ಬಂತು. ದಿನಚರಿಗೆ ಬರೆದೆ: ಸಿಗಲಿಲ್ಲ.

ಎರಡನೆಯ ಶನಿವಾರ ಎಲ್ಲವೂ ಸರಿಯಿತ್ತು. ಆಗಷ್ಟೇ ಹೊಸ ನಿಯಮ ಬಂದಿತ್ತು: ಹೋಗುವವರಲ್ಲಿ ಮೊದಲ ಹೆಸರಿನವರ ಆಧಾರಿಗೆ ಜೋಡಿಸಿದ ಫೋನಿಗೇ ಓಟಿಪಿ ಬರುತ್ತದೆ. ಜಯಮ್ಮನವರ ಮನೆಯಲ್ಲಿ ಎಲ್ಲರ ಆಧಾರೂ ಒಂದೇ ನಂಬರಿಗೆ, ಅಂದರೆ ಮುನಿಸ್ವಾಮಪ್ಪನವರದಕ್ಕೆ. ಹಾಗಾಗಿ ಲ್ಯಾಪ್‌ಟಾಪ್ ಹೊತ್ತು ಕೆಳಗೆ ಅವರ ಹಾಲಿಗೇ ಹೋದೆ. ಹತ್ತಕ್ಕೆ ಹಸಿರು ಚೌಕ ಸಿಕ್ಕಿತು. ಹೆಸರು ತುಂಬಿದೆ, ಗೇಟಿನ ಹೆಸರು ಗಟ್ಟಿಯಾಗಿ ಓದಿದೆ, ಹಣ ಕಟ್ಟುವ ಪುಟ ಬಂತು. ಫೋನ್ ಕಿಣಿ ಎಂದಿತು.

"ಅಂಕಲ್, ಓಟಿಪಿ ಹೇಳಿ."

ಮುನಿಸ್ವಾಮಪ್ಪನವರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು.

"ಹತ್ತೂವರೆ ಆಗ್ಲಿ ಮೇಡಂ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ."

ಅವಸರ ಬಿದ್ದರೆ ನನ್ನ ಬಾಯಲ್ಲಿ ಊರಿನ ಮಾತೇ ಬರುವುದು. "ಹತ್ತೂವರಿಗೆ ಏನೂ ಉಳಿಯಂಗಿಲ್ರಿ ಅಂಕಲ್! ಐದು ನಿಮಿಷ ಅಷ್ಟ ಐತಿ, ಹೇಳ್ರಿ!"

"ಆಪರೇಷನ್ ಇರೋ ಹೆಂಗ್ಸು. ರಾಹುಕಾಲದಲ್ಲಿ ದುಡ್ಡು ಕಟ್ಟಿ ಬೆಟ್ಟ ಹತ್ಸಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನೀವ್ ಬರ್ತೀರಾ ಜವಾಬ್ದಾರಿಗೆ?"

"ಕೊಡ್ರೀ ಫೋನು" ಎಂದು ಜಯಮ್ಮ ಕೈಚಾಚಿದರು.

"ಸುಮ್ನಿರೆ."

ಅಡಿಗೆ ಮನೆಯಲ್ಲಿ ಕುಕ್ಕರ್ ಕೂಗಿತು. ಪರದೆಯ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರ ಸೊನ್ನೆಗೆ ಬಂತು. ನಮ್ಮ ಹಸಿರು ಚೌಕ ಕಣ್ಣೆದುರಿಗೇ ಬೇರೆ ಯಾರದೋ ಆಯಿತು. ಹತ್ತೂವರೆಗೆ ಮುನಿಸ್ವಾಮಪ್ಪನವರು ಕನ್ನಡಕ ಹಾಕಿಕೊಂಡು ತುಂಬ ಮರ್ಯಾದೆಯಿಂದ ಆರು ಅಂಕಿಗಳನ್ನು ಓದಿದರು. ಜಯಮ್ಮ ಎದ್ದು ಒಳಗೆ ಹೋದರು. ಅಂಕಲ್ ಮೇಲೆ ನನಗೆ ಬಂದ ಸಿಟ್ಟು ಆ ವಾರವೆಲ್ಲ ಇಳಿಯಲಿಲ್ಲ. ಆದರೆ ಅವರು ಹೆದರಿದ್ದು ಸುಳ್ಳಲ್ಲ. ಅವರ ದೃಷ್ಟಿಯಲ್ಲಿ ನಾನೂ ಜಾಲತಾಣವೂ ಒಂದೇ ಬಗೆಯವರು, ಗಳಿಗೆ ನೋಡದೆ ಅವಸರ ಮಾಡುವವರು.

ಉಳಿದದ್ದು ಒಂದೇ ಶನಿವಾರ. ಹಿಂದಿನ ದಿನ ಆಂಟಿ ಫೋನ್ ಮಾಡಿ, "ನಾಳೆ ಎಂಟೂವರೆಗೇ ಬಾ" ಎಂದರು.

ಹೋದೆ. ಹಾಲಿನ ಮಧ್ಯದಲ್ಲಿ ಒಂದು ನೀಲಿ ಚೀಲ ನಿಂತಿತ್ತು. ಒಳಗೆ ಇಬ್ಬರ ಸ್ವೆಟರ್, ಎರಡು ಶಾಲು, ಒಂದು ಜಮಖಾನ. ಮುನಿಸ್ವಾಮಪ್ಪನವರು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಿದ್ದರು.

"ಪರಸ್ಥಾನ ಇಡ್ತೀನಿ" ಎಂದರು ಜಯಮ್ಮ.

ನನಗೆ ಗೊತ್ತಿರಲಿಲ್ಲ, ಅವರೇ ಬಿಡಿಸಿ ಹೇಳಿದರು. ಹೊರಡಬೇಕಾದ ಗಳಿಗೆ ಚೆನ್ನಾಗಿಲ್ಲದಿದ್ದರೆ, ಚೆನ್ನಾಗಿರುವ ಗಳಿಗೆಯಲ್ಲಿ ತಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ಕಾಲ ಬಂದರೂ ಅದು ದಾರಿಯಲ್ಲಿ ಬಂದದ್ದು, ಹೊರಡುವಾಗ ಬಂದದ್ದಲ್ಲ.

"ಪರಸ್ಥಾನ ಅಂದ್ರೆ ಮೂರು ದಿನ, ಐದು ದಿನ" ಎಂದರು ಮುನಿಸ್ವಾಮಪ್ಪ. "ಮೂರು ವಾರ ಯಾರಾದ್ರೂ ಇಡ್ತಾರಾ?"

"ಆ ಬುಕಿಂಗ್‌ನೋರು ಮೂರು ವಾರ ಮುಂಚೆ ದುಡ್ಡು ಇಸ್ಕೊಳ್ಳಲ್ವಾ? ಅವ್ರಿಗೊಂದು ನ್ಯಾಯ, ನನ್ ಚೀಲಕ್ಕೊಂದು ನ್ಯಾಯನಾ?"

"ಅದು ಬೇರೆ."

"ಮಂಗಳವಾರ ತಿರುಪತಿಗೆ ಹೊರಟಾಗ ನಿಮ್ ಪಂಚೆ ಎದುರು ಮನೇಲಿ ಯಾರ್ ಇಟ್ಟಿದ್ದು? ನಾನಾ, ನೀವಾ?"

ಅವರು ಕಾಫಿ ಮುಗಿಸಿದರು. ಲೋಟ ಕೆಳಗಿಟ್ಟರು. "ಒಂಬತ್ತರೊಳಗೆ ಇಟ್ಟು ಬಾ ಹಂಗಾದ್ರೆ" ಎಂದರು.

ಎದುರು ಮನೆಯ ನಾಗರತ್ನಮ್ಮ ಸೀರೆಗೆ ಫಾಲ್ ಹೊಲಿಯುವವರು. ಬಾಗಿಲು ತೆಗೆದು ಚೀಲ ನೋಡಿ, "ಏನ್ ಜಯಕ್ಕ, ಜಗಳ ಆಡ್ಕೊಂಡ್ ಬಂದ್ರಾ?" ಎಂದು ನಕ್ಕರು. ಹೊಲಿಗೆ ಯಂತ್ರದ ಪಕ್ಕ, ಬಟ್ಟೆಯ ಗಂಟುಗಳ ನಡುವೆ ಚೀಲಕ್ಕೆ ಜಾಗವಾಯಿತು.

ಹತ್ತು ಗಂಟೆಗೆ ನಾವು ಮೂವರೂ ಪರದೆಯ ಮುಂದೆ. ಚಕ್ರ ತಿರುಗಿತು. ಹೊರಗೆ ಹಾಕಿತು. ಓರೆ ಅಕ್ಷರ ಓದಿ ಒಳಗೆ ಹೋದೆ. ಒಂದೇ ಒಂದು ಹಸಿರು ಚೌಕ ಇತ್ತು. ಆಂಟಿಯದು ಮೊದಲಿಟ್ಟು, ಜೊತೆಗೆ ಹೋಗುವ ನನ್ನದೂ ಸೇರಿಸಿ ಮೂವರ ಹೆಸರು ತುಂಬಿದೆ. "ಹುಲ್ಲುಬಂಡೆ, ದಕ್ಷಿಣ ಗೇಟ್" ಎಂದು ಕೂಗಿದೆ. "ನಮ್ಮೂರ್ ಕಡೆ ಗೇಟು" ಎಂದು ಆಂಟಿ ಹಿಂದಿನಿಂದ ಕೂಗಿದರು. ಫೋನ್ ಕಿಣಿ ಎಂದ ಕೂಡಲೇ ಮುನಿಸ್ವಾಮಪ್ಪನವರು ಅಂಕಿಗಳನ್ನು ಎಷ್ಟು ವೇಗವಾಗಿ ಓದಿದರೆಂದರೆ, "ಇನ್ನೊಮ್ಮೆ, ನಿಧಾನಕ್ಕ" ಎಂದು ನಾನೇ ಹೇಳಬೇಕಾಯಿತು. ದಿನಚರಿಗೆ: ಸಿಕ್ಕಿತು.

ಆ ಮೂರು ವಾರದಲ್ಲಿ ಊರುಗೋಲು ಕೊಂಡರು, ಶೂ ಕೊಂಡರು, ಚಪಾತಿಗೆ ಹಿಟ್ಟು ಬೀಸಿಸಿದರು. ಹೊರಡುವ ದಿನ ಬೆಳಿಗ್ಗೆ ಪ್ರವೀಣನೇ ಕಾರು ತಂದು, ಗೇಟಿನವರೆಗೆ ಬಿಟ್ಟು ಬರುತ್ತೇನೆಂದ. ಕನಕಪುರ ರಸ್ತೆಗೆ ಸೇರಿ ವಸಂತಪುರ ಹಿಂದೆ ಬಿದ್ದು, ಊರೆಲ್ಲ ಮುಗಿದು, ಬೆಟ್ಟ ಕಾಣಿಸಿದ ಮೇಲೆ ಮುನಿಸ್ವಾಮಪ್ಪನವರು ಕೇಳಿದರು, "ಚೀಲ ಎಲ್ಲಿ?"

ಚೀಲ ನಾಗರತ್ನಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು. ಮೂರು ವಾರ ಮೊದಲೇ ಹೊರಟಿದ್ದ ಚೀಲ ಅದೊಂದೇ, ಬಂದು ಮುಟ್ಟದೆ ಉಳಿದದ್ದೂ ಅದೊಂದೇ.

"ಆಂಟಿ, ಸಖತ್!" ಎಂದು ಪ್ರವೀಣ್ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕ. ಬಯ್ಗುಳ ಬೀಳುತ್ತದೆಂದು ನಾನು ಕಾದೆ. ಮುನಿಸ್ವಾಮಪ್ಪನವರು ತಮ್ಮ ತಲೆಗೆ ತಾವೇ ಒಂದು ಮೊಟಕಿಕೊಂಡು, "ನನಗೂ ನೆನಪಿರ್ಲಿಲ್ವಲ್ಲ" ಎಂದರು. ಡಿಕ್ಕಿಯಲ್ಲಿ ಕಂಪನಿಯ ಗುಡಾರ, ಮೂರು ಮಲಗುವ ಚೀಲಗಳಿದ್ದವು. ಅಷ್ಟೇ ಸಾಕೆಂದು ಹತ್ತಿದೆವು.

ಗಟ್ಟಿಮುಟ್ಟಾದವರಿಗೆ ಎರಡು ಗಂಟೆಯ ದಾರಿ. ನಾವು ಮಧ್ಯಾಹ್ನವೆಲ್ಲ ಹತ್ತಿದೆವು. ಜಯಮ್ಮ ಮೆಟ್ಟಿಲಿದ್ದ ಕಡೆ ಅಡ್ಡಡ್ಡಲಾಗಿ ಕಾಲಿಟ್ಟು, ಬಂಡೆಯಿದ್ದ ಕಡೆ ಕೂತು ಜರುಗಿ, ನಡುನಡುವೆ "ಇಲ್ಲೊಂದು ಕಾರೆಗಿಡ ಇತ್ತು" ಎಂದು ಇಲ್ಲದ ಗಿಡ ತೋರಿಸುತ್ತ ಹತ್ತಿದರು. ಅವರು ಹೇಳಿದ ತಿರುವುಗಳಲ್ಲಿ ಅರ್ಧ ಸರಿ ಬರಲಿಲ್ಲ. ದಾರಿ ಬದಲಾಗಿತ್ತೋ ನೆನಪು ಬದಲಾಗಿತ್ತೋ ಅವರಿಗೂ ಹೇಳಲಾಗಲಿಲ್ಲ.

ಮೇಲೆ ಒಂದು ತಗಡಿನ ಶೆಡ್, ಅದರ ಮುಂದೆ ಹಗ್ಗ ಕಟ್ಟಿದ ಸಮತಟ್ಟು ನೆಲ. ಪರ್ಮಿಟ್ಟಿನಲ್ಲಿರುವುದು ಆ ಹಗ್ಗದೊಳಗಿನ ಜಾಗ ಮಾತ್ರ. ಜಯಮ್ಮನವರ ಬಂಡೆ ಹಗ್ಗದಾಚೆ, ಒಂದು ಕೂಗಿನಷ್ಟು ದೂರ ಇತ್ತು.

"ಅಲ್ಲಿ ಮಲಗೋಕೆ ಬಿಡಲ್ಲ ಅಮ್ಮ" ಎಂದರು ಕಾವಲಿನವರು. "ಕರಡಿ ಓಡಾಡ್ತವೆ. ಬೇಕಾದ್ರೆ ನೋಡ್ಕೊಂಡು ಬನ್ನಿ. ಹೊತ್ತು ಮುಳುಗೋಕ್ ಮುಂಚೆ ಒಳಗಿರ್ಬೇಕು."

ನಾನು ವಾದಿಸಲು ಬಾಯಿ ತೆರೆದೆ. ಜಯಮ್ಮ ನನ್ನ ಕೈ ಒತ್ತಿದರು. "ಅವ್ರ ಕೆಲ್ಸ ಅವ್ರು ಮಾಡ್ತಾರೆ. ಬಾ."

ಬಂಡೆ ಹಗಲಿನ ಬಿಸಿಲು ಕುಡಿದು ಬೆಚ್ಚಗಿತ್ತು. ಆಂಟಿ ಅದರ ಸುತ್ತ ಒಮ್ಮೆ ನಡೆದರು. "ಇನ್ನೂ ದೊಡ್ಡದಿತ್ತು" ಎಂದರು. ಊರುಗೋಲು ಗಂಡನ ಕೈಗೆ ಕೊಟ್ಟು ಕೂತರು, ಕಾಲು ಚಾಚಿದರು, ಸೆರಗು ಮಡಿಸಿ ತಲೆಯಡಿ ಇಟ್ಟುಕೊಂಡು ಮಲಗಿದರು. ಸ್ವಲ್ಪ ಹೊತ್ತು ಮಾತಾಡುತ್ತಿದ್ದರು: ಅವ್ವ ಯಾವ ಕಡೆ ಮಲಗುತ್ತಿದ್ದಳು, ತಾನು ಯಾವ ಕಡೆ. ಆಮೇಲೆ ಮಾತು ನಿಂತಿತು. ನೋಡಿದರೆ ಗೊರಕೆ.

ಹೊತ್ತು ಇಳಿಯಿತು. ಕಾವಲಿನವರು ಹಗ್ಗ ದಾಟಿ ನಮ್ಮ ಕಡೆಗೆ ನಡೆದು ಬಂದರು. ಎಬ್ಬಿಸಲೆಂದು ನಾನು ಬಗ್ಗಿದೆ. ಮುನಿಸ್ವಾಮಪ್ಪನವರು ಬೇಡವೆಂದು ಕೈ ಮಾಡಿದರು. ಕಾವಲಿನವರು ಬಂದು ನಿಂತರು, ಮಲಗಿದವರನ್ನು ನೋಡಿದರು, ಪಶ್ಚಿಮಕ್ಕೆ ನೋಡಿದರು. "ಇನ್ನೂ ಬೆಳಕಿದೆ" ಎಂದು ಪಕ್ಕದ ಕಲ್ಲಿನ ಮೇಲೆ ಕೂತರು. ಮೂವರೂ ಕಾದೆವು. ಕೆಳಗಿನ ಊರಿನಲ್ಲಿ ಒಂದೊಂದೇ ದೀಪ ಹತ್ತುವ ಹೊತ್ತಿಗೆ ಜಯಮ್ಮ ತಾವಾಗಿಯೇ ಎದ್ದರು.

"ಮಲಗಿದ್ನಾ?"

"ಗೊರಕೆ ಹೊಡ್ದೆ" ಎಂದರು ಮುನಿಸ್ವಾಮಪ್ಪ.

"ಹಂಗಾದ್ರೆ ಸರಿ. ನಡೀರಿ ಹಗ್ಗದೊಳಕ್ಕೆ."

ಮಾರ್ಚಿನಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ಮುಂದಿನ ಚಾರಣದ ಕಾಲ ಶುರುವಾಗುವುದರೊಳಗೆ ಜಾಲತಾಣದ ನಿಯಮ ಮತ್ತೆ ಬದಲಾಯಿತು. ಹೋಗುವವರು ಕ್ಯಾಮೆರಾಕ್ಕೆ ಮುಖ ತೋರಿಸಿ ತಾವೇ ಬುಕ್ ಮಾಡಬೇಕು, ಬೇರೆಯವರು ಮಾಡುವಂತಿಲ್ಲ. ನಿಯಮ ಸರಿಯೇ. ನಮ್ಮಂಥವರು ಕೂತು ಹಿಡಿದಿಡುತ್ತಿದ್ದ ಜಾಗಗಳು ಈಗ ಬಿಡುಗಡೆಯಾಗಿವೆ. ಆದರೆ ಮುನಿಸ್ವಾಮಪ್ಪನವರಂಥವರು ಆ ಕ್ಯಾಮೆರಾದ ಮುಂದೆ ಒಬ್ಬರೇ ಕೂತು ಏನು ಮಾಡುತ್ತಾರೆ ಎಂದು ಯಾರೂ ಯೋಚಿಸಿದಂತಿಲ್ಲ. ಹೊಸಬರಿಗೆ ಹೇಳುವುದು ಇದೊಂದೇ: ಅವಕಾಶವಿದ್ದರೆ ಹೋಗಿ ಅಂಥವರ ಮನೆಯ ಹಾಲಿನಲ್ಲಿ ಕೂತುಕೊಳ್ಳಿ. ಪುಟ ಏಕೆ ಮುಂದಕ್ಕೆ ಹೋಗುತ್ತಿಲ್ಲ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ, ಆ ಮನೆಯ ಗೋಡೆಯ ಮೇಲೆ ಕಾಣುತ್ತದೆ.

ಈಗ ಜಯನಗರದಲ್ಲಿ ಒಂದು ಕಡೆ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಶನಿವಾರ ರಜೆ. ಹೋದ ತಿಂಗಳು ಒಂದು ಶನಿವಾರ ಆಂಟಿಯನ್ನು ನೋಡಲು ಹೋದೆ. ಹೊಸ ಮಂಡಿಯಲ್ಲಿ ಸರಾಗವಾಗಿ ಓಡಾಡುತ್ತಿದ್ದರು. ಎದುರು ಮನೆಯ ಬಾಗಿಲಿನಿಂದ ನಾಗರತ್ನಮ್ಮ ಕೂಗಿದರು, "ಗಿರಿಜಾ, ನೀನಾದ್ರೂ ಹೇಳಮ್ಮ! ಆ ಚೀಲ ಇನ್ನೂ ನಮ್ಮನೇಲೇ ಇದೆ. ತಗೊಂಡ್ ಹೋಗಿ ಅಂದ್ರೆ ಜಯಕ್ಕ ಕೇಳಲ್ಲ."

"ಹೊರಟಿರೋ ಚೀಲ ಕಣೆ ಅದು" ಎಂದರು ಜಯಮ್ಮ. "ವಾಪಸ್ ತಂದ್ರೆ ಹೊರಟಿದ್ದು ಮುಗಿದಂಗೆ. ಇರ್ಲಿ ಬಿಡು."

ನಾನು ಮುನಿಸ್ವಾಮಪ್ಪನವರ ಕಡೆ ನೋಡಿದೆ. ಅವರು ಆಗಷ್ಟೇ ಎದುರು ಮನೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಕೈಯಲ್ಲಿ ನುಸಿ ಗುಳಿಗೆಯ ಖಾಲಿ ಪೊಟ್ಟಣ.

"ಉಣ್ಣೆ ಬಟ್ಟೆ ಅಲ್ವಾ, ಹುಳ ಹತ್ತುತ್ತೆ" ಎಂದರು. ಆಮೇಲೆ ಕ್ಯಾಲೆಂಡರ್ ಕಡೆ ಒಮ್ಮೆ ಕಣ್ಣು ಹಾಯಿಸಿ, "ಹತ್ತೂವರೆ ಆದ್ಮೇಲೇ ಹಾಕ್ದೆ" ಎಂದರು.